"ಗೋಧಿ ಇಲ್ಲ ಮೇಡಂ, ಸ್ವಲ್ಪ ರವೆ ಅಷ್ಟೇ": ಸೀಲಿಯಾಕ್ ಇರುವ ಮಗಳಿಗೆ ಮೈಸೂರಿನ ಹೋಟೆಲ್‌ಗಳಲ್ಲಿ ಏನು ಕೊಡಿಸಲಿ?

ಕುವೆಂಪುನಗರದ ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹನ್ನೊಂದು ವರ್ಷ. ಎರಡು ವರ್ಷದಿಂದ ಆಗಾಗ ಹೊಟ್ಟೆನೋವು, ಮುಖ ಬಿಳಿಚಿಕೊಂಡಿರುತ್ತಿತ್ತು. ಎಷ್ಟು ಕಬ್ಬಿಣದ ಟಾನಿಕ್ ಕುಡಿಸಿದರೂ ಹಿಮೋಗ್ಲೋಬಿನ್ ಏರಲಿಲ್ಲ. ಐದು ತಿಂಗಳ ಹಿಂದೆ ಟಿಟಿಜಿ ಅಂತ ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಮಾಡಿ ಸೀಲಿಯಾಕ್ ಅಂದರು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನ್ ಅವಳ ಕರುಳಿಗೆ ಆಗುವುದಿಲ್ಲವಂತೆ, ಅವು ಯಾವುದೂ ಜೀವನಪೂರ್ತಿ ಮುಟ್ಟುವ ಹಾಗಿಲ್ಲ. ಮನೆಯಲ್ಲಿ ಎಲ್ಲ ಬದಲಾಯಿಸಿದ್ದೇವೆ, ಅವಳೂ ಚೇತರಿಸಿಕೊಂಡಿದ್ದಾಳೆ. ಕಷ್ಟ ಇರುವುದು ಹೊರಗೆ ಹೋದಾಗ.

ಹೋದ ಭಾನುವಾರ ಮನೆ ಹತ್ತಿರದ ಒಂದು ಹೋಟೆಲ್‌ಗೆ ಹೋದೆವು. "ಮಸಾಲೆ ದೋಸೆಯಲ್ಲಿ ಗೋಧಿ ಇದೆಯಾ?" ಅಂತ ಎರಡು ಸಲ ಕೇಳಿದೆ. "ಇಲ್ಲ ಮೇಡಂ, ಅಕ್ಕಿ ಉದ್ದು" ಅಂದರು. ಅವಳು ಖುಷಿಯಾಗಿ ತಿಂದಳು. ಬಿಲ್ ಕೊಡುವಾಗ ಯಾಕೋ ಅನುಮಾನ ಬಂದು ಮತ್ತೆ ಕೇಳಿದೆ. "ಗೋಧಿ ಇಲ್ಲ ಮೇಡಂ, ಗರಿಗರಿ ಬರಲಿ ಅಂತ ಸ್ವಲ್ಪ ರವೆ ಅಷ್ಟೇ" ಅಂದರು. ಅವತ್ತು ರಾತ್ರಿ ಮೂರು ಸಲ ವಾಂತಿ, ಎರಡು ದಿನ ಸ್ಕೂಲ್ ಇಲ್ಲ.

ಆ ಹುಡುಗ ಸುಳ್ಳು ಹೇಳಲಿಲ್ಲ. ರವೆ ಗೋಧಿಯಿಂದ ಬರುತ್ತದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಮುಂದಿನ ತಿಂಗಳು ಅವಳ ಹುಟ್ಟುಹಬ್ಬ. ಗೆಳತಿಯರನ್ನು ಹೋಟೆಲ್‌ಗೆ ಕರೆದುಕೊಂಡು ಹೋಗಬೇಕಂತೆ. ನಾನು ಬೇಡ ಅಂದೆ. "ಅಮ್ಮ, ಅವರೆಲ್ಲ ತಿನ್ನಲಿ, ನಾನು ನೀರು ಕುಡ್ಕೊಂಡು ಕೂತಿರ್ತೀನಿ, ಹೋಗೋಣ" ಅಂದಳು. ಆ ಮಾತು ಕೇಳಿದಾಗಿನಿಂದ ಮನಸ್ಸು ಸರಿಯಿಲ್ಲ. ಮೈಸೂರಿನಲ್ಲಿ, ಅಜ್ಜಿ ಊರು ಮಂಡ್ಯದಲ್ಲಿ, ದಾರಿಯಲ್ಲಿ, ಇಂಥವರು ಎಲ್ಲಿ ಏನು ತಿನ್ನಬಹುದು? ಅನುಭವ ಇರುವವರು ದಯವಿಟ್ಟು ಹೇಳಿ.

ಸರಸ್ವತಿಪುರಂ 40
ಇಡ್ಲಿ ಕೊಡಿಸಿ ಅಕ್ಕ. ಇಡ್ಲಿಗಿಂತ ಸೇಫ್ ಇನ್ನೇನಿದೆ?

ದೋಸೆಪ್ರಿಯ
ಇಡ್ಲಿಗೂ ರವೆ ಹಾಕುತ್ತಾರಲ್ಲ ಸ್ವಾಮಿ. ನಮ್ಮ ಮನೆಯಲ್ಲೇ ಇಡ್ಲಿ ರವೆ ಪ್ಯಾಕೆಟ್ ತರುತ್ತೇವೆ. ಹಾಗಾದರೆ ಅದೂ ಆಗಲ್ಲ ಅಲ್ವಾ?

ಒಂಟಿಕೊಪ್ಪಲು
ಇಲ್ಲಿ ಒಂದು ತಿದ್ದುಪಡಿ. ಇಡ್ಲಿ ರವೆ ಬೇರೆ, ಉಪ್ಪಿಟ್ಟಿನ ರವೆ ಬೇರೆ. ಇಡ್ಲಿ ರವೆ ಅಂದರೆ ಅಕ್ಕಿ ತರಿ. ಅದು ಆಗುತ್ತದೆ. ಬಾಂಬೆ ರವೆ, ಚಿರೋಟಿ ರವೆ, ಬನ್ಸಿ ರವೆ ಮೂರೂ ಗೋಧಿ. ಅಂಗಡಿಯವರು ಎಲ್ಲಕ್ಕೂ ರವೆ ಅಂತಲೇ ಕರೆಯುವುದರಿಂದ ಈ ಗೊಂದಲ. ನಮ್ಮ ಯಜಮಾನರಿಗೆ ಆರು ವರ್ಷದಿಂದ ಸೀಲಿಯಾಕ್ ಇದೆ. ಹೋಟೆಲ್‌ನಲ್ಲಿ ನಾವು ಕೇಳುವುದು ಹೀಗೆ: "ಗೋಧಿ, ಮೈದಾ, ರವೆ, ಶಾವಿಗೆ ಇವು ನಾಲ್ಕೂ ಆಗಲ್ಲ. ಇದರಲ್ಲಿ ಯಾವುದಾದರೂ ಇದೆಯಾ?" ಒಂದೊಂದನ್ನೂ ಹೆಸರು ಹಿಡಿದೇ ಕೇಳಬೇಕು. ಗ್ಲುಟನ್ ಅಂದರೆ ತಲೆ ಆಡಿಸುತ್ತಾರೆ, ಬರೀ ಗೋಧಿ ಅಂದರೆ ಚಪಾತಿ ಬೇಡವೇನೋ ಅಂದುಕೊಳ್ಳುತ್ತಾರೆ.

ಕುವೆಂಪುನಗರದ ಅಮ್ಮ
ಇದು ತುಂಬಾ ಉಪಯೋಗ ಆಯಿತು ಅಕ್ಕ. ನಾನು ಬರೀ ಗೋಧಿ ಅಂತ ಕೇಳಿದ್ದೇ ತಪ್ಪಾಯಿತು.

ಹಳೇ ಅಡುಗೆಭಟ್ಟ
ಹೋಟೆಲ್ ಅಡುಗೆಮನೆಯಲ್ಲಿ 26 ವರ್ಷ ಕೆಲಸ ಮಾಡಿದ್ದೇನೆ, ಈಗ ಮನೆಯಲ್ಲಿದ್ದೇನೆ. ಅಮ್ಮ, ಒಳಗಿನ ಸಂಗತಿ ಒಂದಷ್ಟು ಹೇಳುತ್ತೇನೆ, ಕೇಳಿ.

ಮಸಾಲೆ ದೋಸೆ ಹಿಟ್ಟಿಗೆ ರವೆ ಅಥವಾ ಒಂದು ಹಿಡಿ ಮೈದಾ ಹಾಕುವವರು ಇದ್ದಾರೆ. ಬಣ್ಣ ಚೆನ್ನಾಗಿ ಬರುತ್ತದೆ, ಗರಿ ಬರುತ್ತದೆ. ಎಲ್ಲರೂ ಹಾಕುವುದಿಲ್ಲ. ಖಾಲಿ ದೋಸೆ, ಸೆಟ್ ದೋಸೆ ಹಿಟ್ಟಿಗೆ ಸಾಮಾನ್ಯವಾಗಿ ಅವಲಕ್ಕಿ, ಮೆಂತ್ಯ. ಅದಕ್ಕೆ ಮೈದಾ ಬೇಕಾಗಿಲ್ಲ. ಆದರೂ ಕೇಳಲೇಬೇಕು.

ಉದ್ದಿನ ವಡೆ ಹಿಟ್ಟು ರುಬ್ಬುವಾಗ ನೀರಾದರೆ ಗಟ್ಟಿ ಮಾಡಲು ಕೈಗೆ ಸಿಕ್ಕಿದ್ದು ಹಾಕುತ್ತಾರೆ. ಅಕ್ಕಿಹಿಟ್ಟು ಸಿಕ್ಕರೆ ಅಕ್ಕಿಹಿಟ್ಟು, ರವೆ ಸಿಕ್ಕರೆ ರವೆ. ಅದಕ್ಕಿಂತ ಮುಖ್ಯ, ಪೂರಿ ಕರಿದ ಎಣ್ಣೆಯಲ್ಲೇ ವಡೆ ಬೀಳುತ್ತದೆ. ಬೆಳಿಗ್ಗೆ ಬಾಣಲೆಗೆ ಎಣ್ಣೆ ಹಾಕಿದರೆ ಪೂರಿ, ವಡೆ, ಬೋಂಡ, ಬಜ್ಜಿ ಎಲ್ಲಕ್ಕೂ ಅದೊಂದೇ. ವಡೆ ಬಿಟ್ಟುಬಿಡಿ.

ದೋಸೆ ಕಲ್ಲೂ ಹಾಗೆಯೇ. ದೊಡ್ಡ ಕಲ್ಲಿನ ಒಂದು ಮೂಲೆಯಲ್ಲಿ ರವೆ ದೋಸೆ, ಪಕ್ಕದಲ್ಲಿ ಮಸಾಲೆ, ಇನ್ನೊಂದು ಕಡೆ ಚಪಾತಿ. ನೀರು ಚಿಮುಕಿಸಿ ಪೊರಕೆಯಲ್ಲಿ ಒಂದು ಸಲ ಎಳೆಯುತ್ತೇವೆ, ಅಷ್ಟೇ. ಆ ಪೊರಕೆಯೇ ಇಡೀ ಕಲ್ಲಿಗೆ ರವೆ ದೋಸೆಯ ಚೂರು ಹರಡುತ್ತದೆ. ಬಿಸಿಗೆ ಎಲ್ಲ ಸುಟ್ಟು ಹೋಗುತ್ತದೆ ಅಂದುಕೊಂಡಿದ್ದೆ. ನನ್ನ ಅಣ್ಣನ ಮೊಮ್ಮಗನಿಗೆ ಈ ಕಾಯಿಲೆ ಬಂದ ಮೇಲೆ ಡಾಕ್ಟರ್ ಹೇಳಿದರು, ಕಾಯಿಸಿದರೆ ಕರಿದರೆ ಅದು ಹೋಗುವುದಿಲ್ಲ ಅಂತ.

ಸಪ್ಲೈ ಮಾಡುವ ಹುಡುಗರನ್ನು ಕೇಳಬೇಡಿ. ಭಟ್ಟರನ್ನೇ ಕರೆದು ಕೇಳಿ. ಹಿಟ್ಟಿಗೆ ಏನು ಬಿದ್ದಿದೆ ಅಂತ ರುಬ್ಬಿಸಿದವನಿಗೆ ಮಾತ್ರ ಗೊತ್ತಿರುತ್ತದೆ.

ಮಂಡ್ಯ ಹೈದ
ಮಂಡ್ಯಕ್ಕೆ ಬನ್ನಿ ಅಕ್ಕ, ಮುದ್ದೆ ಇರುವಾಗ ಯೋಚನೆ ಯಾಕೆ? ರಾಗಿಯಲ್ಲಿ ಈ ಗ್ಲುಟನ್ ಇಲ್ಲವೇ ಇಲ್ಲ. ಮುದ್ದೆ, ಸೊಪ್ಪಿನ ಸಾರು, ಉಪ್ಸಾರು, ಬೇಕಾದರೆ ನಾಟಿಕೋಳಿ. ಇಂಡಾಫ್ ರಾಗಿ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ಕೆಲಸ ಮಾಡಿದ್ದು ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ. ನಮ್ಮ ಕಡೆಯ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಮಾಡಿದ ತಳಿ ಅವು. ಜನ ಅವರನ್ನು ಕರೆಯುತ್ತಿದ್ದುದೇ ರಾಗಿ ಲಕ್ಷ್ಮಣಯ್ಯ ಅಂತ.

ಒಂಟಿಕೊಪ್ಪಲು
ಮುದ್ದೆ ಒಳ್ಳೆಯದೇ ತಮ್ಮ. ಆದರೆ ಹೋಟೆಲ್ ಮುದ್ದೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಹೆದ್ದಾರಿ ಪಕ್ಕದ ಒಂದು ಕಡೆ ಮುದ್ದೆ ಮುರಿದರೆ ಅಂಟಂಟಾಗಿ ಎಳೆ ಎಳೆಯಾಗಿ ಬಂತು. ಕೇಳಿದರೆ "ಮೆತ್ತಗಿರಲಿ ಅಂತ ಸ್ವಲ್ಪ ಗೋಧಿಹಿಟ್ಟು" ಅಂದರು. ರಾಗಿರೊಟ್ಟಿಗೂ ಹಾಗೇ, ತಟ್ಟುವಾಗ ಒಡೆಯದಿರಲಿ ಅಂತ ಬೆರೆಸುತ್ತಾರೆ.

ಮಂಡ್ಯ ಹೈದ
ಮುದ್ದೆಗೆ ಗೋಧಿಹಿಟ್ಟಾ? ಯಾವ ಪುಣ್ಯಾತ್ಮರು ಅವರು! ನಮ್ಮ ಕಡೆ ಹಾಕುವುದಾದರೆ ಅಕ್ಕಿ ನುಚ್ಚು ಹಾಕುತ್ತಾರೆ, ಇಲ್ಲ ಅನ್ನ ಹಾಕಿ ತೊಳಸುತ್ತಾರೆ. ಗೋಧಿ ಹಾಕಿದ್ದು ನಾನು ಈ ಮೂವತ್ತೆಂಟು ವರ್ಷದಲ್ಲಿ ಕಂಡಿಲ್ಲ.

ಒಂಟಿಕೊಪ್ಪಲು
ನೀವು ಉಂಡಿದ್ದು ಊರ ಮುದ್ದೆ, ನಾನು ಹೇಳುತ್ತಿರುವುದು ಹೆದ್ದಾರಿ ಮುದ್ದೆ.

ಲ್ಯಾಬ್ ಕೋಟು
ರಕ್ತಪರೀಕ್ಷೆ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಮುದ್ದೆ ಅಂಟುವುದಕ್ಕೂ ಚಪಾತಿ ಹಿಟ್ಟು ಅಂಟುವುದಕ್ಕೂ ವ್ಯತ್ಯಾಸ ಇದೆ. ಹೋಳಿಗೆಯ ಕಣಕ ನೋಡಿ, ಎಣ್ಣೆಯಲ್ಲಿ ನೆನೆಸಿಟ್ಟು ಎಳೆದರೆ ಹರಿಯದೆ ಬರುತ್ತಲೇ ಇರುತ್ತದೆ. ಆ ಎಳೆತವೇ ಗ್ಲುಟನ್. ಗೋಧಿಹಿಟ್ಟಿನ ಉಂಡೆಯನ್ನು ನಲ್ಲಿ ನೀರಿನಲ್ಲಿ ತೊಳೆಯುತ್ತಾ ಹೋದರೆ ಹಿಟ್ಟೆಲ್ಲ ಹೋಗಿ ಕೊನೆಗೆ ರಬ್ಬರಿನ ಹಾಗೆ ಒಂದು ಮುದ್ದೆ ಕೈಯಲ್ಲಿ ಉಳಿಯುತ್ತದೆ. ಅದು ಗ್ಲುಟನ್. ರಾಗಿ, ಅಕ್ಕಿಯಲ್ಲಿ ಅದು ಇಲ್ಲ. ಅದಕ್ಕೇ ತಣ್ಣೀರಿನಲ್ಲಿ ಕಲಸಿದರೆ ಕೂಡಿಕೊಳ್ಳುವುದಿಲ್ಲ, ಕುದಿಯುವ ನೀರೇ ಬೇಕು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಸೀಲಿಯಾಕ್ ಇರುವ ಮಕ್ಕಳ ಮೂಳೆ ಸೊರಗಿರುತ್ತದೆ, ಅವರಿಗೆ ಇದು ಒಳ್ಳೆಯದು.

ಇನ್ನೊಂದು ಮಾತು ಅಕ್ಕ. ಮಗಳ ಜೊತೆ ಹುಟ್ಟಿದವರಿದ್ದರೆ ಅವರಿಗೂ, ನಿಮಗಿಬ್ಬರಿಗೂ ಒಮ್ಮೆ ಪರೀಕ್ಷೆ ಮಾಡಿಸಿ. ಇದು ಮನೆತನದಲ್ಲಿ ಬರುವ ತೊಂದರೆ.

ಚಾಮುಂಡಿಪುರಂ
ನನಗೆ ಅರ್ಥ ಆಗದ್ದು, ನಮ್ಮ ಅಜ್ಜಿ ಕಾಲದಲ್ಲಿ ಈ ಕಾಯಿಲೆ ಯಾಕೆ ಇರಲಿಲ್ಲ? ಎಲ್ಲರೂ ಹೋಳಿಗೆ, ಚಿರೋಟಿ ತಿಂದೇ ಬೆಳೆದವರು. ಸ್ವಲ್ಪ ಸ್ವಲ್ಪ ತಿಂದು ಅಭ್ಯಾಸ ಮಾಡಿಸಿದರೆ ಸರಿಹೋಗಲ್ವಾ? ಕೆಟ್ಟ ಉದ್ದೇಶದಿಂದ ಕೇಳುತ್ತಿಲ್ಲ.

ಲ್ಯಾಬ್ ಕೋಟು
ಸರ್, ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಇದು ಅಭ್ಯಾಸದಿಂದ ಹೋಗುವಂಥದ್ದಲ್ಲ. ಗೋಧಿ ಒಳಗೆ ಹೋದಾಗಲೆಲ್ಲ ದೇಹ ತನ್ನ ಸಣ್ಣ ಕರುಳನ್ನೇ ಗಾಯ ಮಾಡಿಕೊಳ್ಳುತ್ತದೆ. ಹೊರಗೆ ಏನೂ ಕಾಣದಿದ್ದರೂ ಒಳಗೆ ನಡೆಯುತ್ತಲೇ ಇರುತ್ತದೆ.

ಅಜ್ಜಿ ಕಾಲದಲ್ಲಿ ಇರಲಿಲ್ಲ ಅಂತಲ್ಲ, ಹೆಸರು ಗೊತ್ತಿರಲಿಲ್ಲ. ನಮ್ಮ ಕಡೆ ದಿನವೂ ತಿನ್ನುತ್ತಿದ್ದದ್ದು ರಾಗಿ, ಅಕ್ಕಿ. ಗೋಧಿ ಬರುತ್ತಿದ್ದದ್ದು ಹಬ್ಬಕ್ಕೆ. ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಇದು ಕಾಣುತ್ತದೆ, ದಕ್ಷಿಣದಲ್ಲಿ ಅದಕ್ಕಿಂತ ಬಹಳ ಕಡಿಮೆ. ಗೋಧಿಯೇ ಕಾರಣ ಅಂತ ಗೊತ್ತಾಗಿದ್ದೂ ಎರಡನೇ ಮಹಾಯುದ್ಧದ ಹೊತ್ತಿಗೆ. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬ್ರೆಡ್ ಸಿಗದೆ ಜನ ಹಸಿದಿದ್ದರು. ಆಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು, ಬ್ರೆಡ್ ಬಂದ ಮೇಲೆ ಮತ್ತೆ ಮಲಗಿದರು. ವಿಲ್ಲೆಮ್ ಡಿಕೆ ಅನ್ನುವ ಮಕ್ಕಳ ಡಾಕ್ಟರ್ ಅದನ್ನು ಗಮನಿಸಿ ಕಾರಣ ತೋರಿಸಿಕೊಟ್ಟರು.

ದೋಸೆಪ್ರಿಯ
ಅದೇ ಯುದ್ಧದ ಕಾಲದಲ್ಲಿ ಇಲ್ಲಿ ಅಕ್ಕಿ ಸಿಗದೆ ಬೆಂಗಳೂರಿನ ಎಂಟಿಆರ್‌ನವರು ರವೆ ಇಡ್ಲಿ ಮಾಡಿದ್ದು. ಅಲ್ಲಿ ಗೋಧಿ ಇಲ್ಲದೆ ಮಕ್ಕಳು ಗೆದ್ದುಕೊಂಡರು, ಇಲ್ಲಿ ಅಕ್ಕಿ ಇಲ್ಲದೆ ಇಡ್ಲಿಗೇ ಗೋಧಿ ಬಂತು. ಓದಿ ಮೈ ಜುಮ್ ಅಂದಿತು.

ಚಾಮುಂಡಿಪುರಂ
ಸರಿ, ಒಪ್ಪಿದೆ. ತಿಳಿಸಿದ್ದಕ್ಕೆ ಥ್ಯಾಂಕ್ಸ್. ಅಮ್ಮ, ಕ್ಷಮಿಸಿ.

ಯೋಗ ಬೀದಿ
ನಾನು ಮೂರು ತಿಂಗಳಿಂದ ಗೋಧಿ ಬಿಟ್ಟಿದ್ದೇನೆ, ಹೊಟ್ಟೆ ಉಬ್ಬರ ಕಡಿಮೆ ಆಗಿದೆ. ಪರೀಕ್ಷೆ ಮಾಡಿಸಿಲ್ಲ. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗಾಗಿ ಇರುವ ಕೆಫೆಗಳಲ್ಲಿ ಮೆನುವಿನಲ್ಲೇ ಗ್ಲುಟನ್ ಫ್ರೀ ಅಂತ ಬರೆದಿರುತ್ತಾರೆ. ಅಲ್ಲಿಗೆ ಹೋಗಿ ಅಕ್ಕ, ನೆಮ್ಮದಿ.

ಒಂಟಿಕೊಪ್ಪಲು
ಹೋಗಬಹುದು. ಆದರೆ ಅಲ್ಲೂ ಕೇಳಿ. ಗ್ಲುಟನ್ ಫ್ರೀ ಪ್ಯಾನ್‌ಕೇಕ್ ಮಾಡುವ ತವಾದಲ್ಲೇ ಬ್ರೆಡ್ ಟೋಸ್ಟ್ ಮಾಡಿದರೆ ಏನು ಬಂತು? ಫ್ಯಾಷನ್ನಿಗೆ ಬಿಟ್ಟವರಿಗೆ ಅದು ನಡೆಯುತ್ತದೆ, ಈ ಮಗುವಿಗೆ ನಡೆಯುವುದಿಲ್ಲ.

ಯೋಗ ಬೀದಿ
ಫ್ಯಾಷನ್ ಅಂದದ್ದು ಬೇಜಾರಾಯಿತು. ನನಗೂ ನಿಜವಾಗಿ ತೊಂದರೆ ಇತ್ತು.

ಒಂಟಿಕೊಪ್ಪಲು
ನಿಮಗೆ ಅಂತ ಹೇಳಿದ್ದಲ್ಲ, ತಪ್ಪು ತಿಳಿಯಬೇಡಿ. ನೀವು ಮೊದಲು ಡಾಕ್ಟರ್ ಹತ್ತಿರ ಹೋಗಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಏನೂ ಕಾಣದೇ ಹೋಗಬಹುದು. ನಮ್ಮ ಮನೆಯಲ್ಲಿ ಹಾಗೇ ಆಗಿ ಎರಡು ವರ್ಷ ಹಾಳಾಯಿತು. ಮತ್ತೆ ವಾರಗಟ್ಟಲೆ ಚಪಾತಿ ತಿನ್ನಿಸಿ, ನರಳಿಸಿ, ಪರೀಕ್ಷೆ ಮಾಡಿಸಬೇಕಾಯಿತು.

ಅಗ್ರಹಾರದ ಸೊಸೆ
ಯಾರೂ ಇಂಗಿನ ವಿಷಯ ಎತ್ತಲಿಲ್ಲವಲ್ಲ! ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಶುದ್ಧ ಇಂಗಲ್ಲ. ಶುದ್ಧ ಇಂಗು ತುಂಬಾ ಖಾರ, ಹಾಗೇ ಬಳಸಲು ಆಗುವುದಿಲ್ಲ ಅಂತ ಹಿಟ್ಟು, ಅಂಟು ಬೆರೆಸಿ ಮಾಡುತ್ತಾರೆ. ಹೆಚ್ಚಿನ ಡಬ್ಬಗಳಲ್ಲಿ ಆ ಹಿಟ್ಟು ಗೋಧಿ ಅಥವಾ ಮೈದಾ. ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅಕ್ಕಿಹಿಟ್ಟು ಹಾಕಿ ಮಾಡಿದ ಇಂಗೂ ಸಿಗುತ್ತದೆ, ಹುಡುಕಬೇಕು.

ಈಗ ಯೋಚನೆ ಮಾಡಿ. ಸಾಂಬಾರಿಗೆ ಇಂಗು, ಸಾರಿಗೆ ಇಂಗು, ಚಟ್ನಿ ಒಗ್ಗರಣೆಗೆ ಇಂಗು, ಪುಳಿಯೋಗರೆಗೆ, ಪೊಂಗಲ್‌ಗೆ, ಮಸಾಲೆ ಮಜ್ಜಿಗೆಗೆ, ಕೋಸಂಬರಿಗೆ ಕೂಡ. ಇಡ್ಲಿ ಸರಿ ಇದ್ದರೂ ಪಕ್ಕದ ಬಟ್ಟಲಲ್ಲಿ ಗೋಧಿ ಕೂತಿರುತ್ತದೆ.

ಕುವೆಂಪುನಗರದ ಅಮ್ಮ
ಅಯ್ಯೋ! ಐದು ತಿಂಗಳಿಂದ ಮನೆಯಲ್ಲಿ ಅದೇ ಇಂಗು ಹಾಕುತ್ತಿದ್ದೇನೆ. ಈಗಷ್ಟೇ ಡಬ್ಬ ತೆಗೆದು ನೋಡಿದೆ, ಗೋಧಿಹಿಟ್ಟು ಅಂತ ಇದೆ. ಅವಳಿಗೆ ವಾರಕ್ಕೊಮ್ಮೆ ಸುಮ್ಮಸುಮ್ಮನೆ ಹೊಟ್ಟೆನೋವು ಬರುತ್ತಿತ್ತು, ಇದೇ ಇರಬೇಕು. ಯಾವ ಡಾಕ್ಟರೂ ಇದನ್ನು ಹೇಳಲಿಲ್ಲ.

ಅಗ್ರಹಾರದ ಸೊಸೆ
ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನನಗೂ ಗೊತ್ತಾಗಿದ್ದು ಒಂದು ವರ್ಷ ಆದ ಮೇಲೆ. ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಅವಳಿಗೆ ಅದೂ ಇಷ್ಟ ಆಗುತ್ತದೆ.

ತಿಂಡಿ ಮನೆ ಮಾಲೀಕ
ನನ್ನದೇ ಒಂದು ಸಣ್ಣ ಹೋಟೆಲ್ ಇದೆ, ಹೆಸರು ಹೇಳುವುದಿಲ್ಲ. ನಮ್ಮ ಕಡೆಯ ಮಾತನ್ನೂ ಕೇಳಿ. ಬೆಳಿಗ್ಗೆ ಎಂಟೂವರೆಗೆ ನಲವತ್ತು ಜನ ನಿಂತಿರುತ್ತಾರೆ, ಆಫೀಸಿಗೆ ಹೊತ್ತಾಯಿತು ಅನ್ನುತ್ತಾರೆ. ಆಗ ಒಬ್ಬರು ಬಂದು ಕಲ್ಲು ತೊಳೆಯಿರಿ, ಬೇರೆ ಸಟ್ಟುಗ ತೆಗೆದುಕೊಳ್ಳಿ, ಇಂಗು ಯಾವುದು ತೋರಿಸಿ ಅಂದರೆ ಹೇಗೆ? ನನಗೆ ಮನಸ್ಸಿಲ್ಲ ಅಂತಲ್ಲ. ಆ ಹೊತ್ತಿನಲ್ಲಿ ಹೂಂ ಅಂದು ಹುಡುಗರು ಮರೆತುಬಿಟ್ಟರೆ ಆ ಮಗುವಿಗೆ ತೊಂದರೆ. ಅದಕ್ಕೆ ನಾನು ಆಗಲ್ಲ ಅಂದುಬಿಡುತ್ತೇನೆ. ಆಗ ಬೈಸಿಕೊಳ್ಳುವುದೂ ನಾನೇ.

ಸರಸ್ವತಿಪುರಂ 40
ದುಡ್ಡು ಕೊಟ್ಟು ತಿನ್ನುವವರಿಗೆ ಇಷ್ಟೂ ಮಾಡಲು ಆಗಲ್ವಾ?

ತಿಂಡಿ ಮನೆ ಮಾಲೀಕ
ಒಂದು ದೋಸೆಗೆ ಐದು ನಿಮಿಷ ಕಲ್ಲು ಖಾಲಿ ಬಿಟ್ಟರೆ ಹಿಂದೆ ಹದಿನೈದು ದೋಸೆ ನಿಲ್ಲುತ್ತದೆ ಸರ್. ಒಂದು ದಿನ ನಮ್ಮ ಕಲ್ಲಿನ ಮುಂದೆ ನಿಂತು ನೋಡಿ.

ಹಳೇ ಅಡುಗೆಭಟ್ಟ
ಮಾಲೀಕರು ಹೇಳುವುದು ನಿಜ. ಆಗಲ್ಲ ಅಂತ ಬಾಯಿಬಿಟ್ಟು ಹೇಳುವವರು ಒಳ್ಳೆಯವರು, ಅವರನ್ನು ಬೈಯಬೇಡಿ. ಎಲ್ಲಕ್ಕೂ ಹೂಂ ಅನ್ನುವ ಕಡೆ ಹೆದರಬೇಕು.

ಅಮ್ಮ, ಹೊತ್ತು ನೋಡಿ ಹೋಗಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ, ಆರೂವರೆಗೆ. ಕಲ್ಲು ಆಗಷ್ಟೇ ತೊಳೆದಿರುತ್ತದೆ, ರವೆ ದೋಸೆ ಶುರುವಾಗಿರುವುದಿಲ್ಲ. ಹಿಂದಿನ ದಿನ ಸಂಜೆ ನಾಲ್ಕಕ್ಕೆ, ಗಿರಾಕಿ ಇಲ್ಲದಾಗ ಹೋಗಿ ಭಟ್ಟರ ಹತ್ತಿರ ಮಾತಾಡಿಟ್ಟು ಬನ್ನಿ. ಚಟ್ನಿಗೆ ಒಗ್ಗರಣೆ ಬೀಳುವ ಮುಂಚೆ ಒಂದು ಬಟ್ಟಲು ಎತ್ತಿಡಲು ಹೇಳಿ. ರವೆ ಇಡ್ಲಿ ಮಾಡುವ ಕಡೆ ಇಡ್ಲಿ ಬೇಡ, ಒಂದೇ ಹಬೆ ಪೆಟ್ಟಿಗೆಯಲ್ಲಿ ಮೇಲಿನ ತಟ್ಟೆಯದು ಕೆಳಗೆ ತೊಟ್ಟಿಕ್ಕುತ್ತದೆ.

ದೋಸೆಪ್ರಿಯ
ನಜರಬಾದಿನ ಮೈಲಾರಿ ದೋಸೆ ನಡೆಯುತ್ತದಾ? ಮೆತ್ತಗಿರುತ್ತದೆ, ಗರಿಗರಿ ಅಲ್ಲವಲ್ಲ.

ಹಳೇ ಅಡುಗೆಭಟ್ಟ
ಅವರ ಹಿಟ್ಟಿನ ಬಗ್ಗೆ ಹೊರಗಿನ ನಾನು ಹೇಳುವುದು ಸರಿಯಲ್ಲ. ಅಲ್ಲೇ ಕೇಳಿ. ಯಾವ ಹೆಸರಾಂತ ಹೋಟೆಲ್ ಆದರೂ ಅಷ್ಟೇ.

ಮದ್ದೂರಿನವ
ಮದ್ದೂರು ವಡೆ ತಿನ್ನಬಹುದಾ? ಈರುಳ್ಳಿ ವಡೆ ತಾನೇ?

ಒಂಟಿಕೊಪ್ಪಲು
ಮದ್ದೂರಿನವರಾಗಿ ಹೀಗೆ ಕೇಳುತ್ತೀರಲ್ಲ! ಮೈದಾ, ರವೆ, ಅಕ್ಕಿಹಿಟ್ಟು ಮೂರೂ ಇದೆ. ಕೈಯಲ್ಲೂ ಹಿಡಿಯಬೇಡಿ.

ಮದ್ದೂರಿನವ
ತಿಂದಿದ್ದೇನೆಯೇ ಹೊರತು ಮಾಡಿಲ್ಲ ಅಕ್ಕ. ಹೊಸ ಹೆದ್ದಾರಿ 2023ರಲ್ಲಿ ಶುರುವಾದ ಮೇಲೆ ಊರೊಳಗೆ ಗಾಡಿ ಬರುವುದೇ ಕಡಿಮೆ. ಮೊದಲು ವಡೆ ಅಂಗಡಿ ಮುಂದೆ ಕಾರು ನಿಲ್ಲಿಸಲು ಜಾಗ ಇರುತ್ತಿರಲಿಲ್ಲ.

ಮಂಡ್ಯ ಹೈದ
ಹೌದಣ್ಣ, ಮಂಡ್ಯದ್ದೂ ಅದೇ ಕಥೆ. ಬೆಂಗಳೂರಿನವರು ಬೈಪಾಸ್‌ನಲ್ಲೇ ಹಾರಿ ಹೋಗುತ್ತಾರೆ. ಊರೊಳಗಿನ ಮುದ್ದೆ ಹೋಟೆಲ್‌ಗಳು ಸೊರಗಿವೆ. ಮುದ್ದೆ ಬೇಕಾದರೆ ಹೆದ್ದಾರಿ ಬಿಟ್ಟು ಇಳಿದು ಬರಬೇಕು. ಅಕ್ಕ, ನೀವು ಅಜ್ಜಿ ಊರಿಗೆ ಹೋಗುವಾಗ ಇಳಿದೇ ಬನ್ನಿ.

ಸರಸ್ವತಿಪುರಂ 40
ಗೋಬಿ ಮಂಚೂರಿ? ಮಕ್ಕಳ ಹುಟ್ಟುಹಬ್ಬ ಅಂದರೆ ಅದೇ ಕೇಳುತ್ತಾರೆ.

ಅಗ್ರಹಾರದ ಸೊಸೆ
ಅದರ ಹಿಟ್ಟಿನಲ್ಲಿ ಮೈದಾ ಇರುತ್ತದೆ, ಸೋಯಾ ಸಾಸ್‌ನಲ್ಲೂ ಗೋಧಿ ಇರುತ್ತದೆ. ನೂಡಲ್ಸ್ ಹೇಳಲೇಬೇಕಾಗಿಲ್ಲ. ಫ್ರೈಡ್ ರೈಸ್‌ನಲ್ಲಿ ಅನ್ನ ಇದ್ದರೂ ಸಾಸ್ ಅದೇ, ಬಾಣಲೆಯೂ ಅದೇ.

ದೋಸೆಪ್ರಿಯ
ಗೋಬಿಯ ಕೆಂಪು ಬಣ್ಣವನ್ನೇ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಇನ್ನೂ ಕೆಲವು ಗಾಡಿಗಳಲ್ಲಿ ಕೆಂಡದ ಹಾಗೆ ಕೆಂಪಗಿರುತ್ತದೆ, ನೋಡಿದರೆ ಭಯ ಆಗುತ್ತದೆ.

ಒಂಟಿಕೊಪ್ಪಲು
ವಿಷಯ ಎಲ್ಲಿಗೋ ಹೋಗುತ್ತಿದೆ. ಸಿಹಿ ಬಗ್ಗೆ ಹೇಳಿಬಿಡುತ್ತೇನೆ. ಮೈಸೂರು ಪಾಕ್ ಕಡಲೆಹಿಟ್ಟು, ತುಪ್ಪ, ಸಕ್ಕರೆ, ಗೋಧಿ ಬೇಕಾಗಿಲ್ಲ. ಜಹಾಂಗೀರ್ ಉದ್ದಿನಬೇಳೆಯದು, ಜಿಲೇಬಿ ಮೈದಾದು. ನೋಡಲು ಅಕ್ಕತಂಗಿಯರ ಹಾಗಿರುತ್ತವೆ, ಎಚ್ಚರ. ಜಾಮೂನು, ಬಾದುಷಾ, ಹೋಳಿಗೆ, ಚಿರೋಟಿ ಆಗಲ್ಲ. ಚಕ್ಕುಲಿ ಸಾಮಾನ್ಯವಾಗಿ ಅಕ್ಕಿ ಉದ್ದು. ಕೋಡುಬಳೆ, ನಿಪ್ಪಟ್ಟಿಗೆ ಮೈದಾ ರವೆ ಬೀಳುತ್ತದೆ. ಬೇಕರಿಯ ರಾಗಿ ಬಿಸ್ಕತ್ತಿನಲ್ಲಿ ಮೈದಾನೂ ಇರುತ್ತದೆ. ರಾಗಿ ಮಾಲ್ಟ್ ಮನೆಯದಾದರೆ ಕುಡಿಯಲಿ. ಡಬ್ಬದ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ, ಅಂದರೆ ಜವೆಗೋಧಿ, ಇದೆಯಾ ಓದಿ ನೋಡಿ.

ಲ್ಯಾಬ್ ಕೋಟು
ಪ್ಯಾಕೆಟ್ ಮೇಲೆ ಗ್ಲುಟನ್ ಫ್ರೀ ಅಂತ ಹಾಕಬೇಕಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಕೆಜಿಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಬಾರದು. ಅಂದರೆ ಎಷ್ಟು ಸಣ್ಣ ಚೂರೂ ಲೆಕ್ಕಕ್ಕೆ ಬರುತ್ತದೆ ಅಂತ ತಿಳಿಯಿರಿ.

ಫ್ಲೋರ್ ಮಿಲ್ ಪಕ್ಕದ ಮನೆ
ಸಿರಿಧಾನ್ಯ, ರಾಗಿ ಅಂತ ನಂಬಿ ಮಿಲ್ಲಿಗೆ ಕೊಡುತ್ತೀರಲ್ಲ, ಅಲ್ಲಿ ಗೋಧಿ ಬೀಸಿದ ಮೆಷಿನ್‌ನಲ್ಲೇ ಹಾಕಿದರೆ? ನಾನು ದಿನಾ ನೋಡುತ್ತೇನೆ. ಒಬ್ಬರ ಗೋಧಿ ಮುಗಿಯುತ್ತಿದ್ದ ಹಾಗೆ ಕೋಲಿನಲ್ಲಿ ಚೀಲ ತಟ್ಟಿ ಇನ್ನೊಬ್ಬರ ರಾಗಿ ಸುರಿಯುತ್ತಾರೆ. ಮೊದಲ ಎರಡು ಬೊಗಸೆ ಹಿಟ್ಟು ಬೆಳ್ಳಗೇ ಬರುತ್ತದೆ. ಅದು ಹಿಂದಿನವರ ಗೋಧಿ. ರಾಗಿಗೆ ಬೇರೆ ಮೆಷಿನ್ ಇಟ್ಟಿರುವ ಮಿಲ್ ಹುಡುಕಿ. ಇಲ್ಲದಿದ್ದರೆ ಮನೆಯಲ್ಲೇ ಪುಡಿ ಮಾಡಿಕೊಳ್ಳುವುದು ವಾಸಿ.

ಮಂಡ್ಯ ಹೈದ
ಈ ಮಾತು ಒಪ್ಪುತ್ತೇನೆ. ನಮ್ಮೂರ ಮಿಲ್ಲಿನಲ್ಲಿ ರಾಗಿ ಮೆಷಿನ್ ಬೇರೆಯೇ ಇದೆ, ಆದರೆ ಎಲ್ಲ ಕಡೆ ಇರುತ್ತದೆ ಅಂತ ಹೇಳಲಾರೆ. ನಾಳೆ ನಮ್ಮ ಪರಿಚಯದ ಮುದ್ದೆ ಹೋಟೆಲ್ ಅವ್ವನ ಹತ್ತಿರ ಎಲ್ಲಿ ಹಿಟ್ಟು ಹಾಕಿಸುತ್ತಾರೆ ಅಂತ ಕೇಳಿಕೊಂಡು ಬರುತ್ತೇನೆ.

ಅಗ್ರಹಾರದ ಸೊಸೆ
ಹೋಟೆಲ್ ಆದರೂ ಬಿಡಬಹುದು. ನಮಗೆ ಕಷ್ಟ ಆಗಿದ್ದು ಸತ್ಯನಾರಾಯಣ ಪೂಜೆ ಪ್ರಸಾದ. ಸಜ್ಜಿಗೆ ಅಂದರೆ ರವೆ. ಬೇಡ ಅಂದರೆ ದೇವರಿಗೆ ಅವಮಾನ ಅನ್ನುತ್ತಾರೆ. ನಾನು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು ಯಜಮಾನರಿಗೆ ಕೊಡುತ್ತೇನೆ, ಬಾಳೆಹಣ್ಣು, ತೀರ್ಥ ಮಾತ್ರ ತೆಗೆದುಕೊಳ್ಳುತ್ತೇನೆ. ಕೈ ತೊಳೆಯಲು ಮರೆಯಬಾರದು.

ಚಾಮುಂಡಿಪುರಂ
ನಮ್ಮ ಮನೆಯ ಪೂಜೆಗೆ ಇನ್ನು ಮುಂದೆ ಅವಲಕ್ಕಿ ಪ್ರಸಾದವನ್ನೂ ಒಂದು ಕಡೆ ಬೇರೆ ಇಡಿಸುತ್ತೇನೆ. ಕೃಷ್ಣನಿಗೆ ಪ್ರಿಯವಾದದ್ದೇ ಅಲ್ವಾ.

ಮಂಡ್ಯ ಹೈದ
ಕೇಳಿಕೊಂಡು ಬಂದೆ. ಅವ್ವ ಹೇಳಿದ್ದು ಹಾಗೇ ಬರೆಯುತ್ತೇನೆ: "ನನ್ ಮುದ್ದೇಗೆ ರಾಗಿ, ನೀರು, ಒಂದಿಷ್ಟು ಅಕ್ಕಿನುಚ್ಚು. ಬ್ಯಾರೆ ಏನೂ ಇಲ್ಲ ಕಣಪ್ಪ. ಸಾರ್‌ಗೆ ಇಂಗು ನಾ ಹಾಕಾಕಿಲ್ಲ, ಬೆಳ್ಳುಳ್ಳಿ. ಮಗೀನ ಕರ್ಕೊಂಬರಕ್ಕೇಳು, ಚಪಾತಿ ಲಟ್ಟಿಸೋ ಹಲ್ಗೆ ಅವತ್ತು ಎತ್ತಿಟ್ಬುಡ್ತೀನಿ." ಹಿಟ್ಟು ಹಾಕಿಸುವುದು ರಾಗಿ ಮಾತ್ರ ಬೀಸುವ ಮೆಷಿನ್‌ನಲ್ಲಿ. ಊಟ ಬಾಳೆ ಎಲೆಯಲ್ಲಿ. ಹಿಂದಿನ ದಿನ ಒಂದು ಮಾತು ಹೇಳಿದರೆ ಸಾಕಂತೆ.

ಕುವೆಂಪುನಗರದ ಅಮ್ಮ
ಅವರ ಕಾಲಿಗೆ ನಮಸ್ಕಾರ ಅಂತ ಹೇಳಿ. ಖಂಡಿತ ಬರುತ್ತೇವೆ.

ಕುವೆಂಪುನಗರದ ಅಮ್ಮ (ಒಂಬತ್ತು ದಿನದ ನಂತರ)
ಎಲ್ಲರಿಗೂ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ. ಭಟ್ಟರು ಹೇಳಿದ ಹಾಗೆಯೇ ಮಾಡಿದೆ. ಶುಕ್ರವಾರ ಸಂಜೆ ನಾಲ್ಕಕ್ಕೆ ಹತ್ತಿರದ ಒಂದು ಸಣ್ಣ ಹೋಟೆಲ್‌ಗೆ ಒಬ್ಬಳೇ ಹೋದೆ. ದೋಸೆ ಹಾಕುವವರು ಹೊರಗೆ ಬೆಂಚಿನ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದರು. ಎಲ್ಲ ಹೇಳಿದೆ. ಖಾಲಿ ದೋಸೆ ಹಿಟ್ಟಿಗೆ ಅಕ್ಕಿ, ಉದ್ದು, ಅವಲಕ್ಕಿ, ಮೆಂತ್ಯ ಬಿಟ್ಟು ಏನೂ ಇಲ್ಲ ಅಂದರು. "ಇಂಗಿನಲ್ಲಿ ಗೋಧಿ ಇರುತ್ತಾ? ಏನ್ ಹೇಳ್ತೀರಿ" ಅಂದು ಒಳಗೆ ಹೋಗಿ ಡಬ್ಬ ತಂದರು. ಕನ್ನಡಕ ಇರಲಿಲ್ಲ, ನಾನೇ ಓದಿದೆ. ಮೈದಾ ಅಂತ ಇತ್ತು. ಅವರು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ ಸ್ವಲ್ಪ ಹೊತ್ತು ಸುಮ್ಮನಾದರು.

ಶನಿವಾರ ಆರೂ ಮುಕ್ಕಾಲಿಗೆ ಹೋದೆವು. ಬಿಸಿನೀರು ಸುರಿದು ಕಲ್ಲು ಉಜ್ಜಿ, ಹೊಸ ಬಟ್ಟೆಯಲ್ಲಿ ಒರೆಸಿ, ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿದರು. ರವೆ ದೋಸೆ ಹಿಟ್ಟಿನ ಪಾತ್ರೆಯನ್ನು ಒಳಗೆ ಕಳಿಸಿದ್ದರು. ಒಗ್ಗರಣೆ ಇಲ್ಲದ ಕಾಯಿಚಟ್ನಿ, ಮೇಲೆ ಬೆಣ್ಣೆ. ಎರಡು ತಿಂದಳು. ಮೂರನೆಯದನ್ನು ನಾನು ಹೇಳಲು ಎದ್ದರೆ "ನೀನು ಕೂತ್ಕೋ" ಅಂದು ತಾನೇ ಹೋಗಿ ನಿಂತು, "ಅಂಕಲ್, ಗೋಧಿ, ಮೈದಾ, ರವೆ, ಶಾವಿಗೆ, ಇಂಗು ಐದೂ ನಂಗಾಗಲ್ಲ, ಇನ್ನೊಂದು ಕೊಡಿ" ಅಂದಳು. ಇವತ್ತಿಗೆ ನಾಲ್ಕು ದಿನ, ಹೊಟ್ಟೆನೋವು ಇಲ್ಲ.

ಹುಟ್ಟುಹಬ್ಬಕ್ಕೂ ಅಲ್ಲೇ, ಬೆಳಿಗ್ಗೆ ಏಳಕ್ಕೆ. ಏಳು ಜನ ಗೆಳತಿಯರು. ಅವರಮ್ಮಂದಿರಿಗೆಲ್ಲ ಅಷ್ಟು ಬೇಗ ಎಬ್ಬಿಸಲು ಒಪ್ಪಿಸಿದ್ದೇನೆ.

ಹಳೇ ಅಡುಗೆಭಟ್ಟ
ಓದಿ ಕಣ್ಣು ತುಂಬಿತು ಅಮ್ಮ. ಆ ಭಟ್ಟರಿಗೆ ನನ್ನ ನಮಸ್ಕಾರ ಹೇಳಿ.

ತಿಂಡಿ ಮನೆ ಮಾಲೀಕ
ನಮ್ಮ ಇಂಗಿನ ಡಬ್ಬ ನೋಡಿದೆ. ಅದರಲ್ಲೂ ಗೋಧಿ. ಅಕ್ಕಿಹಿಟ್ಟಿನದು ಎಲ್ಲಿ ಸಿಗುತ್ತದೆ ಅಂತ ಅಗ್ರಹಾರದ ಅಕ್ಕ ತಿಳಿಸಿದರೆ ಬದಲಾಯಿಸುತ್ತೇನೆ. ಆರೂವರೆಯಿಂದ ಏಳೂಕಾಲರವರೆಗೆ ನಮ್ಮಲ್ಲೂ ಮಾಡಿಕೊಡಬಹುದು.

ದೋಸೆಪ್ರಿಯ
ಕೇಕ್ ಏನು ಮಾಡುತ್ತೀರಿ?

ಕುವೆಂಪುನಗರದ ಅಮ್ಮ
ಕೇಕ್ ಬೇಡವಂತೆ. ಮನೆಯಲ್ಲೇ ಮೈಸೂರು ಪಾಕ್ ಮಾಡಿ ತಟ್ಟೆಗೆ ಸುರಿದು, ಕೇಕ್ ಹಾಗೆ ಅವಳೇ ಕತ್ತರಿಸುತ್ತಾಳಂತೆ. ಕಡಲೆಬೇಳೆ ನಾನೇ ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯುತ್ತೇನೆ.

ಮಂಡ್ಯ ಹೈದ
ಆಲೆಮನೆ ಬೆಲ್ಲದ ಅಚ್ಚು ನಾಲ್ಕು ಎತ್ತಿಟ್ಟಿದ್ದೇನೆ ಅಕ್ಕ. ಅಜ್ಜಿ ಊರಿಗೆ ಬಂದಾಗ ಅವ್ವನ ಹೋಟೆಲ್‌ನಲ್ಲೇ ಇಸ್ಕೊಳ್ಳಿ.